ನೆಗಡಿಯ ಸುದ್ದಿಗೂ ಒಂದು ಇತಿಹಾಸವಿದೆ

ಇವತ್ತಿನ ವಿಷಯ ಕೇಳಿದರೆ ಕೆಲವರಿಗೆ ನಗು ಬರಬಹುದು. ಇತಿಹಾಸ ಅಂದ ಕೂಡಲೇ ರಾಜರು ಬರ್ತಾರೆ, ಯುದ್ಧ ಬರುತ್ತೆ, ಶಾಸನ ಬರುತ್ತೆ. ಇವತ್ತು ಬರೋದು ನೆಗಡಿ. ನೆಗಡಿ, ಮೊಣಕಾಲು ನೋವು, ಮಗುವಿಗೆ ಮೊದಲ ಹಲ್ಲು ಬಂದದ್ದು, ಅಜ್ಜಿಗೆ ರಾತ್ರಿ ನಿದ್ದೆ ಬಾರದೇ ಇದ್ದದ್ದು.

ಇಂಥ ಸುದ್ದಿಯನ್ನು ನಾವು ದಿನಾ ಮೊಬೈಲಿನಲ್ಲಿ ಬರೀತೀವಿ. ಮನೆಯವರಿಗೆ ಬರೀತೀವಿ, ಒಮ್ಮೆಯೂ ಮುಖ ನೋಡದ ಸ್ನೇಹಿತರಿಗೂ ಬರೀತೀವಿ. ಪುಣೆಯಲ್ಲಿರೋ ಒಬ್ಬರು ‘ನಿನ್ನೆಯಿಂದ ಗಂಟಲು ಕೆರೆತ’ ಅಂತ ಹಾಕಿದರೆ ಹತ್ತು ನಿಮಿಷದಲ್ಲಿ ಹೈದರಾಬಾದಿನಿಂದ ಕಷಾಯ ಬರುತ್ತೆ, ಚೆನ್ನೈಯಿಂದ ಉಪ್ಪುನೀರು ಬರುತ್ತೆ, ದೆಹಲಿಯಿಂದ ‘ಹುಷಾರು, ತಣ್ಣೀರು ಮುಟ್ಟಬೇಡಿ’ ಬರುತ್ತೆ. ಇದನ್ನು ನೋಡಿ ಮೂಗು ಮುರಿಯೋರು ಇದ್ದಾರೆ. ‘ಈಗಿನವರಿಗೆ ಸೀನು ಬಂದರೂ ಊರಿಗೆಲ್ಲ ಹೇಳಬೇಕು’ ಅನ್ನೋ ಮಾತನ್ನು ನೀವೂ ಕೇಳಿರ್ತೀರಿ.

‘ಈಗಿನವರು’ ಅನ್ನೋ ಆ ಮಾತು ಎಷ್ಟು ನಿಜ? ಸಣ್ಣ ಕಾಯಿಲೆಯ ಸುದ್ದಿಯನ್ನು ದೂರದವರಿಗೆ ಹೇಳೋದು ಮನುಷ್ಯರು ಬರೆಯಲು ಕಲಿತಷ್ಟೇ ಹಳೆಯದು. ಕಾಲಕಾಲಕ್ಕೆ ಬದಲಾಗಿದ್ದು ಹೇಳೋದಕ್ಕೆ ತಗಲುವ ಖರ್ಚು. ಖರ್ಚು ಹೆಚ್ಚಿದ್ದಾಗ ಸಾವು, ಹೆರಿಗೆ, ಮದುವೆ ಮಾತ್ರ ಪ್ರಯಾಣ ಮಾಡಿದವು. ಖರ್ಚು ಇಳಿದಾಗಲೆಲ್ಲ ನೆಗಡಿಯೂ ಗಾಡಿ ಹತ್ತಿತು. ಈಗ ಖರ್ಚು ಹೆಚ್ಚುಕಡಿಮೆ ಸೊನ್ನೆಗೆ ಬಂದಿದೆ. ಆಗ ಏನಾಯ್ತು ಅನ್ನೋದೇ ಇವತ್ತಿನ ಮಾತು.

ಎರಡು ಸಾವಿರ ವರ್ಷದ ಹಿಂದಿನ ಕಣ್ಣುಬೇನೆ

ಇಂಗ್ಲೆಂಡಿನ ಉತ್ತರದಲ್ಲಿ, ಹೇಡ್ರಿಯನ್ ಗೋಡೆಯ ಹತ್ತಿರ, ವಿಂಡೊಲಾಂಡ ಅಂತ ಒಂದು ರೋಮನ್ ಕೋಟೆ ಇತ್ತು. 1973ರಲ್ಲಿ ಅಲ್ಲಿ ಅಗೆಯುವಾಗ ತೆಳ್ಳನೆಯ ಮರದ ಹಲಗೆಗಳು ಸಿಕ್ಕವು. ಒಂದೊಂದೂ ಹೆಚ್ಚುಕಡಿಮೆ ನಮ್ಮ ಅಂಚೆ ಕಾರ್ಡಿನ ಗಾತ್ರ. ಮೇಲೆ ಮಸಿಯಲ್ಲಿ ಬರೆದ ಅಕ್ಷರ. ಕಾಲ ಸುಮಾರು ಕ್ರಿ.ಶ. 100ರ ಆಸುಪಾಸು. ಅಲ್ಲಿಂದ ಮುಂದೆ ಇಂಥವು ನೂರಾರು ಸಿಕ್ಕಿವೆ.

ಅದರಲ್ಲಿ ಒಂದು ಹಲಗೆ ಸೈನ್ಯದ ಲೆಕ್ಕ. ಪಡೆಯಲ್ಲಿ ಒಟ್ಟು 752 ಜನ. ಬಹಳಷ್ಟು ಜನ ಬೇರೆ ಬೇರೆ ಕಡೆ ಹೋಗಿದ್ದಾರೆ. ಕೋಟೆಯಲ್ಲೇ ಇದ್ದವರಲ್ಲಿ 31 ಮಂದಿ ಕೆಲಸಕ್ಕೆ ಬರುವ ಸ್ಥಿತಿಯಲ್ಲಿಲ್ಲ. 15 ಜನಕ್ಕೆ ಕಾಯಿಲೆ, 6 ಜನಕ್ಕೆ ಗಾಯ, 10 ಜನಕ್ಕೆ ಕಣ್ಣುಬೇನೆ. ಅಂದ್ರೆ ಗಾಯವಾದವರಿಗಿಂತ ಕಣ್ಣು ಕೆಂಪಾದವರೇ ಜಾಸ್ತಿ! ರೋಮನ್ ಸೈನ್ಯ ಅಂದರೆ ಕತ್ತಿ, ಗುರಾಣಿ ಅಂತ ನಾವು ಕಲ್ಪಿಸಿಕೊಳ್ತೀವಿ. ಲೆಕ್ಕ ಬರೆದವನಿಗೆ ಕಣ್ಣುಬೇನೆಯೂ ಬರೆದಿಡಬೇಕಾದ ಸಂಗತಿಯಾಗಿತ್ತು.

ಇನ್ನೊಂದು ಹಲಗೆ ಹೆಂಗಸಿನದು. ಕ್ಲಾಡಿಯಾ ಸೆವೆರಾ ಎನ್ನುವವಳು ಬೇರೊಂದು ಕೋಟೆಯಿಂದ ಗೆಳತಿ ಸುಲ್ಪಿಸಿಯಾ ಲೆಪಿಡಿನಾಗೆ ಬರೆದದ್ದು. ಸೆಪ್ಟೆಂಬರ್ 11ಕ್ಕೆ ನನ್ನ ಹುಟ್ಟುಹಬ್ಬ, ನೀನು ಬರಲೇಬೇಕು ಅಂತ ಕರೆಯುತ್ತಾಳೆ. ಗಂಡ ಮತ್ತು ಪುಟ್ಟ ಮಗ ನಮಸ್ಕಾರ ಹೇಳಿದ್ದಾರೆ ಅಂತಲೂ ಸೇರಿಸುತ್ತಾಳೆ. ಪತ್ರದ ಬಹುಭಾಗ ಬರೆಸಿದ್ದು; ಕೊನೆಯ ಕೆಲವು ಸಾಲು ಅವಳದೇ ಕೈಬರಹ. ಲ್ಯಾಟಿನ್ ಭಾಷೆಯಲ್ಲಿ ಹೆಂಗಸೊಬ್ಬಳು ಸ್ವತಃ ಬರೆದು ನಮ್ಮವರೆಗೆ ಉಳಿದು ಬಂದ ಅತ್ಯಂತ ಹಳೆಯ ಸಾಲುಗಳಲ್ಲಿ ಅವೂ ಸೇರಿವೆ. ಆ ಸಾಲುಗಳಲ್ಲಿ ಇರೋದು ಮನೆವಾರ್ತೆ, ಗೆಳತಿಯ ಮೇಲಿನ ಅಕ್ಕರೆ.

ಅದಕ್ಕೂ ನೂರೈವತ್ತು ವರ್ಷ ಹಿಂದಕ್ಕೆ ಹೋದರೆ ಸಿಸೆರೊ ಸಿಗ್ತಾನೆ. ರೋಮಿನ ದೊಡ್ಡ ವಾಗ್ಮಿ, ರಾಜಕಾರಣಿ. ಕ್ರಿ.ಪೂ. 50ರಲ್ಲಿ ಅವನು ರೋಮಿಗೆ ವಾಪಸ್ ಬರುವಾಗ ಅವನ ಲಿಪಿಕಾರ ಟೀರೊ ದಾರಿಯಲ್ಲೇ ಕಾಯಿಲೆ ಬಿದ್ದು ಗ್ರೀಸಿನಲ್ಲಿ ಉಳಿಯಬೇಕಾಯ್ತು. ಸಿಸೆರೊ ಮುಂದೆ ಮುಂದೆ ಹೋದಂತೆ ಪ್ರತಿ ನಿಲ್ದಾಣದಿಂದ ಅವನಿಗೆ ಪತ್ರ ಬರೆದ. ಆತುರಪಟ್ಟು ಹಡಗು ಹತ್ತಬೇಡ, ಪೂರ್ತಿ ಗುಣವಾಗಲಿ ಅಂತ. ಒಂದು ಪತ್ರದಲ್ಲಂತೂ ವೈದ್ಯನ ಮೇಲೇ ಆಕ್ಷೇಪ: ಹೊಟ್ಟೆ ಸರಿ ಇಲ್ಲದಾಗ ನಿನಗೆ ಸಾರು ಕುಡಿಸಬಾರದಿತ್ತು ಅನ್ನುತ್ತಾನೆ. ಆ ದಿನಗಳಲ್ಲಿ ರೋಮ್ ಅಂತರ್ಯುದ್ಧದ ಬಾಗಿಲಲ್ಲಿ ನಿಂತಿತ್ತು. ಸೀಸರ್ ಯಾವ ಕ್ಷಣದಲ್ಲಾದರೂ ನುಗ್ಗಬಹುದಿತ್ತು. ಅಂಥ ಹೊತ್ತಿನಲ್ಲೂ ಸಿಸೆರೊಗೆ ಸಾರಿನ ಚಿಂತೆ!

ರೋಮನ್ನರ ಪತ್ರಗಳಲ್ಲಿ ಒಂದು ರೂಢಿಯ ಒಕ್ಕಣೆ ಇತ್ತು. ‘ನೀನು ಕ್ಷೇಮವಾಗಿದ್ದರೆ ಒಳ್ಳೆಯದು, ನಾನು ಕ್ಷೇಮ’ ಎಂಬ ಅರ್ಥದ್ದು. ಅದು ಎಷ್ಟು ರೂಢಿಯಾಗಿತ್ತೆಂದರೆ ಪದಗಳ ಮೊದಲ ಅಕ್ಷರಗಳನ್ನಷ್ಟೇ ಬರೆದು ಮುಗಿಸುತ್ತಿದ್ದರು. ನಮ್ಮ ಹಿರಿಯರ ಕಾಗದ ನೆನಪಿಸಿಕೊಳ್ಳಿ. ‘ಉಭಯ ಕುಶಲೋಪರಿ ಸಾಂಪ್ರತ’, ‘ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಆಗಾಗ ಕಾಗದ ಬರೆಯುವುದು’. ದೇಶ ಬೇರೆ, ಕಾಲ ಬೇರೆ, ಕಾಗದದ ಮೊದಲ ಸಾಲು ಮಾತ್ರ ಒಂದೇ.

ಖಾಲಿ ಕಾಗದ ಮತ್ತು ಕಾಲಾಣೆ ಕಾರ್ಡು

ಆದರೆ ಈ ಪತ್ರಗಳನ್ನು ಬರೆದವರು ಯಾರು ನೋಡಿ. ದಂಡಿನ ಅಧಿಕಾರಿಗಳ ಹೆಂಡತಿಯರು, ಶ್ರೀಮಂತ ರಾಜಕಾರಣಿ. ಅವರ ಹತ್ತಿರ ಪತ್ರ ಒಯ್ಯೋ ಆಳುಗಳಿದ್ದರು. ಉಳಿದವರ ನೆಗಡಿಯನ್ನು ಒಯ್ಯೋರು ಯಾರು?

ಇಂಗ್ಲೆಂಡಿನಲ್ಲಿ 1840ರವರೆಗೆ ಸಾಮಾನ್ಯವಾಗಿ ಪತ್ರದ ಹಣ ಕೊಡಬೇಕಾಗಿದ್ದದ್ದು ಪತ್ರ ಪಡೆದವರು. ದೂರ ಹೆಚ್ಚಿದಷ್ಟೂ ದರ ಹೆಚ್ಚು. ಕವಿ ಕೋಲ್‌ರಿಜ್ ಹೇಳಿದ್ದೆನ್ನುವ ಒಂದು ಕಥೆ ಆ ಕಾಲದಲ್ಲಿ ಪ್ರಸಿದ್ಧವಾಗಿತ್ತು. ಹಳ್ಳಿಯ ಹೆಂಗಸೊಬ್ಬಳಿಗೆ ಅಣ್ಣನಿಂದ ಪತ್ರ ಬರುತ್ತೆ. ದುಡ್ಡಿಲ್ಲ ಅಂತ ಅವಳು ವಾಪಸ್ ಕೊಡ್ತಾಳೆ. ಕೋಲ್‌ರಿಜ್ ಕನಿಕರಪಟ್ಟು ತಾನೇ ಒಂದು ಶಿಲಿಂಗ್ ಕೊಟ್ಟು ಪತ್ರ ಬಿಡಿಸಿಕೊಡ್ತಾರೆ. ಬಿಚ್ಚಿ ನೋಡಿದರೆ ಒಳಗೆ ಖಾಲಿ ಕಾಗದ! ಅಣ್ಣ ತಂಗಿ ಮೊದಲೇ ಮಾತಾಡಿಕೊಂಡಿದ್ದರಂತೆ: ಖಾಲಿ ಪತ್ರ ಬಂತು ಅಂದರೆ ನಾನು ಕ್ಷೇಮ ಅಂತ ತಿಳಿ, ದುಡ್ಡು ಕೊಡದೆ ವಾಪಸ್ ಕಳಿಸು.

ಇದನ್ನು ಕೇಳಿದರೆ ನಿಮಗೆ ಏನು ನೆನಪಾಗುತ್ತೆ? ಮಿಸ್ಡ್ ಕಾಲ್ ಅಲ್ವಾ? ‘ಊರು ಮುಟ್ಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು’ ಅಂತ ನಮ್ಮಲ್ಲಿ ಎಷ್ಟು ಜನ ಹೇಳಿಲ್ಲ! ಎರಡರ ಹಿಂದೆಯೂ ಇರೋದು ಒಂದೇ ಲೆಕ್ಕಾಚಾರ. ಕ್ಷೇಮವಾಗಿದ್ದೀನಿ ಅನ್ನೋದು ಹೇಳಲೇಬೇಕಾದ ಮಾತು, ಆದರೆ ಅದಕ್ಕೆ ದುಡ್ಡು ಕೊಡೋ ಶಕ್ತಿ ಇಲ್ಲ.

1840ರಲ್ಲಿ ರೋಲೆಂಡ್ ಹಿಲ್ ಅವರ ಯೋಜನೆಯಂತೆ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಪತ್ರ ಹೋಗುವ ಏರ್ಪಾಡಾಯ್ತು. ಭಾರತದಲ್ಲಿ 1854ರಲ್ಲಿ ಅರ್ಧ ಆಣೆಯ ಅಂಚೆ ಚೀಟಿ ಬಂತು. ಹಗುರವಾದ ಪತ್ರಕ್ಕೆ ದೂರ ಎಷ್ಟೇ ಇರಲಿ ಅದೇ ದರ. ನಮ್ಮ ಕಥೆಗೆ ಅದಕ್ಕಿಂತ ದೊಡ್ಡ ದಿನ 1879ರ ಜುಲೈ 1. ಅವತ್ತು ಭಾರತದಲ್ಲಿ ಅಂಚೆ ಕಾರ್ಡು ಶುರುವಾಯ್ತು. ಬೆಲೆ ಕಾಲು ಆಣೆ. ಜಗತ್ತಿನ ಮೊದಲ ಅಂಚೆ ಕಾರ್ಡು ಆಸ್ಟ್ರಿಯಾ-ಹಂಗೇರಿಯಲ್ಲಿ 1869ರಲ್ಲಿ ಬಂದಿತ್ತು. ಹತ್ತೇ ವರ್ಷದಲ್ಲಿ ನಮಗೂ ಬಂತು.

ಮುಂಬೈ ಕನ್ನಡಿಗರ ಇತಿಹಾಸವನ್ನು ಈ ಕಾರ್ಡಿನಿಂದ ಬೇರೆ ಮಾಡಿ ನೋಡೋಕಾಗಲ್ಲ. ಕರಾವಳಿಯಿಂದ ಹೊರಟ ಹುಡುಗರು ಹೋಟೆಲುಗಳಲ್ಲಿ ದುಡಿದು, ಫೋರ್ಟಿನ ರಾತ್ರಿ ಶಾಲೆಗಳಲ್ಲಿ ಓದಿದ ಕಾಲ ಅದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲೇ ಅಲ್ಲಿ ಹುಟ್ಟಿತ್ತು. ಆ ಹುಡುಗರಿಗೂ ಊರಿಗೂ ಇದ್ದ ದಾರ ಎರಡು: ಮನಿಯಾರ್ಡರು ಮತ್ತು ಕಾರ್ಡು. ಮನಿಯಾರ್ಡರ್ ಫಾರ್ಮಿನ ಕೆಳಗೆ ನಾಲ್ಕು ಸಾಲು ಬರೆಯೋಕೆ ಒಂದು ಪುಟ್ಟ ಜಾಗ ಇರ್ತಿತ್ತು. ಹಣದ ಜೊತೆ ಅಲ್ಲಿ ‘ಮೈ ಹುಷಾರಿದೆ, ಚಿಂತೆ ಬೇಡ’ ಅನ್ನೋ ಮಾತೂ ಹೋಗುತ್ತಿತ್ತು.

ಕಾರ್ಡಿಗೆ ಮುಚ್ಚಳ ಇಲ್ಲ. ಅಂಚೆಯಣ್ಣ ಓದಬಹುದು, ಪಕ್ಕದ ಮನೆಯವರು ಓದಬಹುದು. ಅಕ್ಷರ ಬಾರದ ಮನೆಯಲ್ಲಿ ಅಂಚೆಯಣ್ಣನೇ ಗಟ್ಟಿಯಾಗಿ ಓದಿ ಹೇಳಬೇಕು. ಜಗಲಿಯಲ್ಲಿ ಕೂತವರೆಲ್ಲ ಕೇಳಿಸಿಕೊಳ್ಳಬೇಕು. ಕಾರ್ಡಿನ ಮೂಲೆ ಹರಿದಿದ್ದರೆ ಸಾವಿನ ಸುದ್ದಿ. ಅರಿಸಿನ ಕುಂಕುಮ ಹಚ್ಚಿದ್ದರೆ ಶುಭ. ಮುಚ್ಚಿಡಬೇಕಾದ ಮಾತಿಗೆ ಲಕೋಟೆಗೆ ಖರ್ಚು ಮಾಡಬೇಕಿತ್ತು. 1950ರ ಅಕ್ಟೋಬರ್ 2ರಂದು ಇನ್‌ಲ್ಯಾಂಡ್ ಲೆಟರ್ ಬಂದ ಮೇಲೆ ಕಡಿಮೆ ಬೆಲೆಗೆ ಗುಟ್ಟೂ ಸಿಕ್ಕಿತು. ನೀಲಿ ಕಾಗದದ ಮೂರು ಮಡಿಕೆ, ಅಂಚಿನಲ್ಲೆಲ್ಲ ಅಡ್ಡಡ್ಡ ಬರಹ. ಮಗಳು ತವರಿಗೆ ಬರೆದ ತಲೆಸುತ್ತು, ಅತ್ತೆಯ ಮಾತು, ಮಗುವಿನ ಭೇದಿ ಎಲ್ಲ ಆ ಮಡಿಕೆಗಳಲ್ಲಿ ಹೋದವು.

ತಂತಿಗೆ ನೆಗಡಿ ಬರಲಿಲ್ಲ

ಭಾರತದಲ್ಲಿ ತಂತಿ ಸೇವೆ ಜನರಿಗೆ ತೆರೆದದ್ದು 1855ರಲ್ಲಿ. ಮುಗಿದದ್ದು 2013ರ ಜುಲೈಯಲ್ಲಿ. ನೂರೈವತ್ತಕ್ಕೂ ಹೆಚ್ಚು ವರ್ಷ ನಡೆದ ಈ ಸೇವೆಯಲ್ಲಿ ‘ನೆಗಡಿ ಆಗಿದೆ’ ಅಂತ ಯಾರಾದರೂ ತಂತಿ ಕೊಟ್ಟದ್ದನ್ನು ಕೇಳಿದ್ದೀರಾ? ಪದಕ್ಕೆ ಇಷ್ಟು ಅಂತ ದರ. ಹಾಗಾಗಿ ತಂತಿಯಲ್ಲಿ ಬಂದದ್ದು ‘ತಾಯಿ ಸೀರಿಯಸ್, ಕೂಡಲೇ ಹೊರಡು’ ಅನ್ನೋ ಜಾತಿಯದು. ತಂತಿಯವನು ಸೈಕಲ್ ನಿಲ್ಲಿಸಿದ ಅಂದರೆ ಒಡೆದು ಓದೋ ಮೊದಲೇ ಮನೆಯಲ್ಲಿ ಅಳು ಶುರು. ಮಗನಿಗೆ ಕೆಲಸ ಸಿಕ್ಕ ತಂತಿಗೂ ಮೊದಲು ಅತ್ತು ಆಮೇಲೆ ನಕ್ಕ ಮನೆಗಳಿವೆ. ಸಾಧನ ವೇಗವಾಗಿತ್ತು, ಆದರೆ ದುಬಾರಿ. ಅದರಿಂದಾಗಿ ಅದು ಹೆದರಿಸುವ ಸಾಧನವಾಯ್ತು.

ಟೆಲಿಫೋನಿನ ಕಥೆ ಇನ್ನೂ ಸ್ವಾರಸ್ಯ. ಅಮೆರಿಕದಲ್ಲಿ 1876ರಲ್ಲಿ ಬೆಲ್ ಪೇಟೆಂಟ್ ಪಡೆದ ಮೇಲೆ ದಶಕಗಳ ಕಾಲ ಫೋನ್ ಕಂಪನಿಗಳ ದೃಷ್ಟಿಯಲ್ಲಿ ಫೋನ್ ಇದ್ದದ್ದು ವ್ಯಾಪಾರಕ್ಕೆ, ಡಾಕ್ಟರನ್ನು ಕರೆಯೋಕೆ, ಸಾಮಾನು ತರಿಸೋಕೆ. ಹೆಂಗಸರು ಫೋನಿನಲ್ಲಿ ಸುಮ್ಮನೆ ಮಾತಾಡೋದು ಅವರಿಗೆ ತಂತಿಯ ದುರುಪಯೋಗವಾಗಿ ಕಂಡಿತ್ತು. ಕ್ಲಾಡ್ ಫಿಶರ್ ಎಂಬ ಸಮಾಜಶಾಸ್ತ್ರಜ್ಞರು 1992ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. 1920ರ ದಶಕದ ಕೊನೆಗೆ ಬಂದಾಗಲಷ್ಟೇ ಕಂಪನಿಗಳ ಜಾಹೀರಾತು ‘ನೆಂಟರ ಜೊತೆ ಮಾತಾಡಿ’ ಅನ್ನೋ ದಿಕ್ಕಿಗೆ ತಿರುಗಿತು. ಜನ ಮಾತ್ರ ಮೊದಲಿನಿಂದಲೂ ಮಾತಾಡುತ್ತಲೇ ಇದ್ದರು. ಹಳ್ಳಿಗಾಡಿನಲ್ಲಿ ಹಲವು ಮನೆಗೆ ಒಂದೇ ತಂತಿ. ಯಾರ ಮನೆಗೆ ಕರೆ ಬಂದರೂ ಉಳಿದವರು ಮೆಲ್ಲಗೆ ಎತ್ತಿ ಕೇಳೋರು. ಯಾರ ಮಗುವಿಗೆ ಜ್ವರ ಅನ್ನೋದು ಇಡೀ ತಂತಿಗೆ ಗೊತ್ತು.

ನಮ್ಮಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. ಮೂರು ನಿಮಿಷ ಸಿಕ್ಕರೆ ಅದರಲ್ಲಿ ಒಂದು ನಿಮಿಷ ‘ಹಲೋ, ಕೇಳಿಸ್ತಿದೆಯಾ’ದಲ್ಲೇ ಹೋಗೋದು. 1960ರಲ್ಲಿ ಲಖನೌ-ಕಾನ್ಪುರ ನಡುವೆ ಮೊದಲ ಎಸ್‌ಟಿಡಿ ಶುರುವಾಯ್ತು. ಎಂಬತ್ತರ ದಶಕದ ಕೊನೆಯಿಂದ ಬೀದಿ ಬೀದಿಯಲ್ಲಿ ಹಳದಿ ಬೋರ್ಡಿನ ಬೂತ್‌ಗಳು ಬಂದವು. ರಾತ್ರಿ ತಡವಾದಷ್ಟೂ ದರ ಇಳಿಯೋದು. ಕಾಲು ದರದ ಹೊತ್ತಿಗೆ ಕ್ಯೂ. ಗಾಜಿನ ಪೆಟ್ಟಿಗೆಯೊಳಗೆ ಮಾತಾಡ್ತಿರೋರ ಕಣ್ಣು ಮೀಟರಿನ ಕೆಂಪು ಅಂಕಿಯ ಮೇಲೆ. ಅಂಕಿ ಓಡುತ್ತಿದ್ದರೆ ನೆಗಡಿಯ ಬಗ್ಗೆ ಯಾರು ಕೇಳ್ತಾರೆ? ‘ಎಲ್ಲ ಚೆನ್ನಾಗಿದ್ದೀರಾ? ಹಣ ಬಂತಾ? ಇಡ್ತೀನಿ.’ ಅಷ್ಟೇ.

1923ರಲ್ಲಿ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಒಂದು ಮಾತು ಹೇಳಿದ್ದರು. ಮನುಷ್ಯರ ಎಲ್ಲ ಮಾತೂ ವಿಷಯ ತಿಳಿಸೋದಕ್ಕಲ್ಲ. ಹವಾಮಾನ, ಆರೋಗ್ಯ, ಊಟ ಆಯ್ತಾ ಅಂತ ಕೇಳೋದು ಸಂಬಂಧವನ್ನು ಜೀವಂತ ಇಡೋದಕ್ಕೆ. ಇದನ್ನು ಅವರು ‘ಫ್ಯಾಟಿಕ್ ಕಮ್ಯೂನಿಯನ್’ ಅಂತ ಕರೆದರು. ನಮಗೆ ಹೊಸ ಹೆಸರೇನೂ ಬೇಡ. ‘ಊಟ ಆಯ್ತಾ’ ಅಂತ ಕೇಳಿದವರು ನಿಮ್ಮ ಅಡುಗೆಯ ವರದಿ ಕೇಳ್ತಿಲ್ಲ ಅನ್ನೋದು ಪ್ರತಿ ಕನ್ನಡಿಗರಿಗೂ ಗೊತ್ತು. ಮೀಟರ್ ಕಿತ್ತುಕೊಂಡದ್ದು ಇಂಥ ಮಾತನ್ನೇ.

ಮಗುವಿನ ತಲೆಯ ಉಣುಗು

ಈಗ ಕಂಪ್ಯೂಟರಿಗೆ ಬರೋಣ. ಅಮೆರಿಕದ ಸಂಶೋಧಕರ ಜಾಲ ಅರ್ಪಾನೆಟ್ 1969ರಲ್ಲಿ ಶುರುವಾದದ್ದು ದೂರದ ಕಂಪ್ಯೂಟರುಗಳನ್ನು ಹಂಚಿಕೊಂಡು ಬಳಸೋಕೆ. 1971ರಲ್ಲಿ ರೇ ಟಾಮ್ಲಿನ್‌ಸನ್ ಅದರ ಮೇಲೆ ಇ-ಮೇಲ್ ಕಳಿಸಿದರು. ಎರಡು ವರ್ಷದಲ್ಲಿ ಆ ಜಾಲದ ಸಂಚಾರದಲ್ಲಿ ಮುಕ್ಕಾಲು ಪಾಲು ಇ-ಮೇಲೇ ಆಗಿತ್ತು. ಯಂತ್ರಕ್ಕಾಗಿ ಹಾಕಿದ ದಾರಿಯಲ್ಲಿ ಮನುಷ್ಯರು ನಡೆದಾಡತೊಡಗಿದರು.

1985ರಲ್ಲಿ ಕ್ಯಾಲಿಫೋರ್ನಿಯಾದ ಸಾಸಲಿಟೊದಲ್ಲಿ ‘ದ ವೆಲ್’ ಎಂಬ ಜಾಲ ಶುರುವಾಯ್ತು. ಶುರು ಮಾಡಿದವರು ಸ್ಟೀವರ್ಟ್ ಬ್ರ್ಯಾಂಡ್ ಮತ್ತು ಲ್ಯಾರಿ ಬ್ರಿಲಿಯಂಟ್. ಈ ಎರಡನೆಯ ಹೆಸರಿಗೆ ಭಾರತದ ನಂಟಿದೆ. ಬ್ರಿಲಿಯಂಟ್ ಡಾಕ್ಟರು, ಎಪ್ಪತ್ತರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ನಮ್ಮ ದೇಶದಲ್ಲಿ ಸಿಡುಬು ನಿರ್ಮೂಲನೆಗೆ ದುಡಿದವರು. ಮನೆ ಮನೆಗೆ ಹೋಗಿ ‘ಇಲ್ಲಿ ಯಾರಿಗಾದರೂ ಸಿಡುಬು ಇದೆಯಾ’ ಅಂತ ಕೇಳಿ ಕೇಳಿಯೇ ಗೆದ್ದ ಹೋರಾಟ ಅದು.

ವೆಲ್‌ನಲ್ಲಿ ಚಿತ್ರ ಇಲ್ಲ, ಧ್ವನಿ ಇಲ್ಲ, ಬರೀ ಅಕ್ಷರ. ಸದಸ್ಯರು ಕೆಲವೇ ಸಾವಿರ. ರಾಜಕೀಯ, ಸಂಗೀತದ ಜೊತೆಗೆ ಮಕ್ಕಳ ಪಾಲನೆಗೆ ಒಂದು ವಿಭಾಗ, ಆರೋಗ್ಯಕ್ಕೆ ಒಂದು ವಿಭಾಗ. 1986ರ ಬೇಸಗೆಯಲ್ಲಿ ಲೇಖಕ ಹೊವರ್ಡ್ ರೈನ್‌ಗೋಲ್ಡ್ ಅವರ ಎರಡು ವರ್ಷದ ಮಗಳ ನೆತ್ತಿಯಲ್ಲಿ ಒಂದು ಉಣುಗು ಕಚ್ಚಿಕೊಂಡಿತ್ತು. ನಾಯಿ, ದನದ ಮೈಗೆ ಹತ್ತುತ್ತಲ್ಲ, ಆ ಹುಳ. ರಾತ್ರಿ ಹೊತ್ತು. ಹೆಂಡತಿ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ ಉತ್ತರಕ್ಕೆ ಕಾಯ್ತಿದ್ದರು. ರೈನ್‌ಗೋಲ್ಡ್ ವೆಲ್‌ನಲ್ಲಿ ಪ್ರಶ್ನೆ ಹಾಕಿದರು. ಡಾಕ್ಟರ ಕಡೆಯಿಂದ ಫೋನ್ ಬರೋ ಮೊದಲೇ ವೆಲ್‌ನಲ್ಲಿದ್ದ ಇನ್ನೊಬ್ಬ ಡಾಕ್ಟರ ಉತ್ತರ ಬಂತು. ಉಣುಗನ್ನು ತೆಗೆದೂ ಆಯ್ತು. 1993ರಲ್ಲಿ ಆನ್‌ಲೈನ್ ಬಳಗಗಳ ಬಗ್ಗೆ ಅವರು ಬರೆದ ಪುಸ್ತಕದ ಮೊದಲಲ್ಲೇ ಈ ಘಟನೆ ಬರುತ್ತೆ. ಉತ್ತರ ಬೇಗ ಬಂದದ್ದಕ್ಕಿಂತ ಅವರ ಮನಸ್ಸಿಗೆ ತಟ್ಟಿದ್ದು ಇನ್ನೊಂದು: ನಡುರಾತ್ರಿಯಲ್ಲೂ ಅಲ್ಲಿ ಯಾರೋ ಒಬ್ಬ ಗುರುತಿನವರು ಇರ್ತಾರೆ ಅನ್ನೋ ಧೈರ್ಯ.

ಅದೇ ವೆಲ್‌ನಲ್ಲಿ ಟಾಮ್ ಮ್ಯಾಂಡೆಲ್ ಅಂತ ಒಬ್ಬರು. ಮುಂದಾಗುವುದನ್ನು ಅಂದಾಜು ಮಾಡೋ ವೃತ್ತಿಯವರು. ಜಾಲದಲ್ಲಿ ವಾದಕ್ಕೆ, ಜಗಳಕ್ಕೆ ಹೆಸರಾದವರು. 1994ರ ಕೊನೆಯಲ್ಲಿ ಅವರು ಆರೋಗ್ಯ ವಿಭಾಗದಲ್ಲಿ ಒಂದು ಸಣ್ಣ ಸುದ್ದಿ ಹಾಕಿದರು. ಫ್ಲೂ ಥರ ಏನೋ ಬಂದಿದೆ, ಊರಲ್ಲಿ ಏನು ಓಡಾಡ್ತಿದೆ ಅಂತ ಎಲ್ಲರೂ ಇಲ್ಲಿ ಬರೆಯೋಣ, ಅಂಥದ್ದು. ಜನ ತಂತಮ್ಮ ನೆಗಡಿ ಕೆಮ್ಮು ಬರೆದರು, ತಮಾಷೆ ಮಾಡಿದರು. ದಿನ ಕಳೆದರೂ ಮ್ಯಾಂಡೆಲ್ ಅವರಿಗೆ ವಾಸಿಯಾಗಲಿಲ್ಲ. ಪರೀಕ್ಷೆ ಮಾಡಿದಾಗ ಶ್ವಾಸಕೋಶದ ಕ್ಯಾನ್ಸರ್. ನೆಗಡಿಗೆ ಅಂತ ಶುರುವಾದ ಆ ಸಾಲು ಅಲ್ಲಿಗೆ ನಿಲ್ಲಲಿಲ್ಲ. ಅವರೊಡನೆ ಜಗಳ ಆಡಿದವರೂ ಸೇರಿ ತಿಂಗಳುಗಟ್ಟಲೆ ‘ಇವತ್ತು ಹೇಗಿದೆ’ ಅಂತ ಕೇಳುತ್ತಲೇ ಇದ್ದರು. ಅವರು ಉತ್ತರ ಬರೆಯುತ್ತಲೇ ಇದ್ದರು. ಕೊನೆಗೆ ಜಾಲದ ಗೆಳೆಯರಿಗೆ ಒಂದು ವಿದಾಯವನ್ನೂ ಬರೆದು, 1995ರ ಏಪ್ರಿಲಿನಲ್ಲಿ ತೀರಿಕೊಂಡರು.

ಸಣ್ಣ ಸುದ್ದಿ ಹೇಳಿಕೊಳ್ಳೋ ಅಭ್ಯಾಸ ಇದ್ದದ್ದರಿಂದ ದೊಡ್ಡ ಸುದ್ದಿ ಬಂದ ದಿನ ಅದನ್ನು ಹೇಳೋಕೆ ಒಂದು ಜಾಗ ಇತ್ತು, ಕೇಳೋಕೆ ಜನ ಇದ್ದರು. ನೆಗಡಿಯ ಮಾತನ್ನು ಹಗುರವಾಗಿ ಕಾಣೋರು ನೆನಪಿಡಬೇಕಾದ ಸಂಗತಿ ಇದು.

ನಂಬಿಕೆಗೆ ಬಿದ್ದ ಪೆಟ್ಟು

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅಮೆರಿಕದಲ್ಲಿ ಕೇಸಿ ನಿಕೋಲ್ ಎಂಬ ಹೆಸರಿನಲ್ಲಿ ಹದಿಹರೆಯದ ಹುಡುಗಿಯೊಬ್ಬಳು ತನಗೆ ರಕ್ತದ ಕ್ಯಾನ್ಸರ್ ಅಂತ ಜಾಲದಲ್ಲಿ ದಿನಚರಿ ಬರೀತಿದ್ದಳು. ಓದುತ್ತಿದ್ದವರು ಅವಳಿಗಾಗಿ ಮರುಗಿದರು, ಉಡುಗೊರೆ ಕಳಿಸಿದರು. 2001ರ ಮೇ ತಿಂಗಳಲ್ಲಿ ಅವಳು ತೀರಿಕೊಂಡಳು ಅಂತ ಸುದ್ದಿ ಬಂತು. ಕೆಲವೇ ದಿನಗಳಲ್ಲಿ ಓದುಗರೇ ಹುಡುಕಿ ಹೊರಗೆಳೆದರು: ಅಂಥ ಹುಡುಗಿಯೇ ಇರಲಿಲ್ಲ. ಇನ್ಯಾರೋ ಕಟ್ಟಿದ ಕಥೆ. ಮನೋವೈದ್ಯ ಮಾರ್ಕ್ ಫೆಲ್ಡ್‌ಮನ್ ಅದರ ಹಿಂದಿನ ವರ್ಷವೇ, 2000ದಲ್ಲಿ, ಜಾಲದಲ್ಲಿ ಸುಳ್ಳು ಕಾಯಿಲೆ ಹೇಳಿಕೊಂಡು ಕನಿಕರ ಗಿಟ್ಟಿಸುವ ಈ ನಡವಳಿಕೆಗೆ ‘ಮುಂಚೌಸನ್ ಬೈ ಇಂಟರ್‌ನೆಟ್’ ಅಂತ ಹೆಸರಿಟ್ಟಿದ್ದರು.

ವೆಲ್‌ಗೂ ಇದಕ್ಕೂ ಏನು ವ್ಯತ್ಯಾಸ? ವೆಲ್ ಸದಸ್ಯರಲ್ಲಿ ಹಲವರು ಒಂದೇ ಸೀಮೆಯವರು. ಆಗಾಗ ಸೇರಿ ಊಟ ಮಾಡುತ್ತಿದ್ದರು, ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿತ್ತು. ಸ್ನೇಹ ಪರದೆಯ ಮೇಲೆ ಶುರುವಾದರೂ ಪರದೆಯಲ್ಲೇ ಉಳಿಯಲಿಲ್ಲ.

ನಮ್ಮ ಗ್ರೂಪುಗಳು

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15. ಅದಕ್ಕೆ ಎರಡು ವಾರ ಮೊದಲು, ಜುಲೈ 31ರಂದು, ಮೊದಲ ಮೊಬೈಲ್ ಕರೆ. ಆಗ ಮೊಬೈಲಿನಲ್ಲಿ ಬಂದ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು, ಹಳೆಯ ಇಂಗ್ಲೆಂಡಿನ ಪತ್ರದ ಹಾಗೆ! 2003ರಲ್ಲಿ ಅದು ನಿಂತಿತು. 2004ರಲ್ಲಿ ಆರ್ಕುಟ್, 2009ರಲ್ಲಿ ವಾಟ್ಸಾಪ್, 2016ರಲ್ಲಿ ಅಗ್ಗದ ಡೇಟಾ. ಮೀಟರಿನ ಕೆಂಪು ಅಂಕಿ ಮಾಯವಾಯ್ತು. ಹೊರನಾಡ ಕನ್ನಡಿಗರಿಗೆ ಇದರ ಅರ್ಥ ದೊಡ್ಡದು. ಮಾತುಂಗಾದಲ್ಲಿ ಕೂತವರಿಗೆ ಕುಂದಾಪುರದ ಅಮ್ಮನ ಕಾಲುನೋವು ಅವತ್ತವತ್ತೇ ಗೊತ್ತಾಗತೊಡಗಿತು. ಅಕ್ಕಪಕ್ಕದಲ್ಲಿ ಕನ್ನಡ ಇಲ್ಲದ ಬಿಲ್ಡಿಂಗಿನಲ್ಲಿ ಇರೋರಿಗೆ ‘ಮೈ ಯಾಕೋ ಸರಿ ಇಲ್ಲ ಕಣ್ರೀ’ ಅಂತ ಕನ್ನಡದಲ್ಲಿ ಹೇಳಿಕೊಳ್ಳೋ ನೆರೆಹೊರೆ ಸಿಕ್ಕಿತು. ಹೊಟ್ಟೆ ತೊಳಸೋದು, ಮೈ ಜಡ, ಸೊಂಟ ಹಿಡಿದುಕೊಂಡದ್ದು, ಇವನ್ನೆಲ್ಲ ಇನ್ನೊಂದು ಭಾಷೆಯಲ್ಲಿ ಹೇಳಿದರೆ ಹೇಳಿದ ಹಾಗೇ ಅನಿಸಲ್ಲ.

2020-21ರಲ್ಲಿ ಇದರ ಬೆಲೆ ಎಲ್ಲರಿಗೂ ಗೊತ್ತಾಯ್ತು. ಸಣ್ಣ ಕೆಮ್ಮು ದೊಡ್ಡ ಸುದ್ದಿಯಾದ ದಿನಗಳವು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಬೆಳಗ್ಗೆ ಸಂಜೆ ಅಂಕಿ ಬರೆದು ಗ್ರೂಪಿಗೆ ಹಾಕುತ್ತಿದ್ದರು. 96, 95, 93. ಒಬ್ಬರೇ ಇರೋ ಹಿರಿಯರ ಅಂಕಿ ಒಂದು ಹೊತ್ತು ಬಾರದಿದ್ದರೆ ಇನ್ನೊಂದು ಊರಲ್ಲಿ ಯಾರೋ ಗಾಬರಿಯಾಗಿ ಫೋನ್ ಮಾಡುತ್ತಿದ್ದರು. ಆ ಗಾಬರಿಯಿಂದ ಉಳಿದ ಜೀವಗಳಿವೆ.

ಅದೇ ದಿನಗಳಲ್ಲಿ ಇನ್ನೊಂದೂ ನಡೆಯಿತು: ಫಾರ್ವರ್ಡ್. ಯಾರು ಬರೆದರೋ ಗೊತ್ತಿಲ್ಲದ ಕಷಾಯ, ಯಾವ ಡಾಕ್ಟರ ಹೆಸರಿಗೋ ಅಂಟಿಸಿದ ಸಲಹೆ. ವಾಟ್ಸಾಪ್ ಕಂಪನಿ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವಂತೆ ಮಿತಿ ಹಾಕಿತು. ಬಹಳ ಸಲ ದಾಟಿ ಬಂದ ಸಂದೇಶವನ್ನು 2020ರಲ್ಲಿ ಒಮ್ಮೆಗೆ ಒಂದೇ ಕಡೆಗೆ ಇಳಿಸಿತು. ಖರ್ಚು ಸೊನ್ನೆಯಾದಾಗ ಏನಾಯ್ತು ಅಂತ ಮೊದಲಲ್ಲಿ ಕೇಳಿದ್ದೆನಲ್ಲ, ಉತ್ತರ ಇಲ್ಲಿದೆ. ಸಣ್ಣ ಸುದ್ದಿ ಸರಾಗವಾಗಿ ಹರಿಯುತ್ತೆ ಅಂದುಕೊಂಡಿದ್ದೆವು. ಹರಿದದ್ದು ಹೆಚ್ಚಾಗಿ ಯಾರದ್ದೂ ಅಲ್ಲದ ಸುದ್ದಿ. ಕಾಲಾಣೆ ಕೊಟ್ಟು ಯಾರೂ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಕಳಿಸಿರಲಿಲ್ಲ. ನಮ್ಮದೇ ನಾಲ್ಕು ಸಾಲು ಬರೆಯೋಕೆ ಐದು ನಿಮಿಷ ಬೇಕು, ಬೇರೆಯವರದ್ದನ್ನು ದಾಟಿಸೋಕೆ ಒಂದು ಬೆರಳು ಸಾಕು. ಇನ್ನೂರು ಜನರ ಗ್ರೂಪಿನಲ್ಲಿ ‘ಎರಡು ದಿನದಿಂದ ಜ್ವರ’ ಅನ್ನೋ ಒಂದು ಸಾಲು, ಹತ್ತು ಹೂವು ಮತ್ತು ಇಪ್ಪತ್ತು ವಿಡಿಯೋಗಳ ನಡುವೆ ಮೇಲಕ್ಕೆ ಸರಿದು ಹೋಗುತ್ತೆ. ಬರೆದವರು ಕಾಯ್ತಾರೆ. ಯಾರೂ ಕೇಳಲ್ಲ. ಮುಂದಿನ ಸಲ ಅವರು ಬರೆಯಲ್ಲ.

ಇಡೀ ಇತಿಹಾಸದಲ್ಲಿ ಉಳಿದು ಬಂದ ಒಂದು ಸಂಗತಿ ನೋಡಿ. ಟೀರೊಗೆ ಸಿಸೆರೊ ಬರೆದದ್ದು ಒಂದೇ ಪತ್ರವಲ್ಲ, ಪ್ರತಿ ನಿಲ್ದಾಣದಿಂದ ಬರೆದ. ಮ್ಯಾಂಡೆಲ್ ಅವರ ಗೆಳೆಯರು ಒಂದು ದಿನ ‘ಬೇಗ ಗುಣವಾಗಲಿ’ ಅಂತ ಹಾಕಿ ಹೋಗಲಿಲ್ಲ, ಮತ್ತೆ ಬಂದು ಕೇಳಿದರು. ಕಾಯಿಲೆಯವರಿಗೆ ಕಷಾಯದ ಹತ್ತು ವಿಧಾನಕ್ಕಿಂತ ಹೆಚ್ಚು ಬೇಕಾದದ್ದು ಮರುದಿನ ಬರುವ ಪ್ರಶ್ನೆ: ‘ನಿನ್ನೆ ಜ್ವರ ಅಂದಿದ್ರಲ್ಲ, ಇವತ್ತು ಹೇಗಿದೆ?’

ಒಂದೆರಡು ವ್ಯವಹಾರದ ಮಾತು ಹೇಳಿ ಮುಗಿಸ್ತೀನಿ. ಗೆಳೆಯರ ಸಲಹೆ ಧೈರ್ಯಕ್ಕೆ, ಚಿಕಿತ್ಸೆಗೆ ಡಾಕ್ಟರು. ಸಾಮಾನ್ಯ ನೆಗಡಿ ವೈರಸ್ಸಿನಿಂದ ಬರೋದು, ಅದಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡಲ್ಲ. ಯಾರೋ ಹೇಳಿದರು ಅಂತ ಅಂಗಡಿಯಿಂದ ತಂದು ನುಂಗಬೇಡಿ. ಎರಡು ವಾರ ದಾಟಿದ ಕೆಮ್ಮನ್ನು ಗ್ರೂಪಿನಲ್ಲೇ ಇಟ್ಟುಕೊಳ್ಳಬೇಡಿ. ಕ್ಷಯದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮನೆಯ ಇನ್ನೊಬ್ಬರ ಕಾಯಿಲೆಯನ್ನು, ಅದರಲ್ಲೂ ಸೊಸೆಯ ಬಸಿರು, ಮಗನ ಮನಸ್ಸಿನ ಬೇಗೆ ಇಂಥದ್ದನ್ನು, ಅವರನ್ನು ಕೇಳದೆ ಗ್ರೂಪಿಗೆ ಹಾಕಬೇಡಿ. ಅದು ಇನ್‌ಲ್ಯಾಂಡಿನಲ್ಲಿ ಹೋಗಬೇಕಾದ ಸುದ್ದಿ, ಕಾರ್ಡಿನಲ್ಲಲ್ಲ. ಹಣದ ಮಾತು ಬಂದರೆ ಒಮ್ಮೆ ಫೋನಿನಲ್ಲಿ ಧ್ವನಿ ಕೇಳಿ, ಆಸ್ಪತ್ರೆ ಯಾವುದು ಅಂತ ವಿಚಾರಿಸಿ ಮುಂದೆ ಹೋಗಿ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಗ್ರೂಪಿನಲ್ಲಿ ಸ್ವಲ್ಪ ಮೇಲಕ್ಕೆ ಹೋಗಿ ನೋಡಿ. ಹೂವುಗಳ ನಡುವೆ ಎಲ್ಲೋ ಒಂದು ಮೊಣಕಾಲು ನೋವೋ ಜ್ವರವೋ ಉತ್ತರ ಇಲ್ಲದೆ ಕೂತಿರುತ್ತೆ. ಅವರಿಗೆ ಬೇರೆಯಾಗಿ ಒಂದು ಸಾಲು ಬರೆದು ಕೇಳಿ. ಖರ್ಚೇನೂ ಇಲ್ಲ.

ಮುಂದಿನ ಮಾತಿನಲ್ಲಿ ಸಿಗೋಣ. ಅಲ್ಲಿಯವರೆಗೆ ಆರೋಗ್ಯ ನೋಡಿಕೊಳ್ಳಿ.